ಎದೆಯ ಎಂಆರ್‌ಐ ಯಾರಿಗೆ ಬೇಕು, ಯಾರಿಗೆ ಬೇಡ: ಪದೇ ಪದೇ ಕೇಳುವ ಪ್ರಶ್ನೆಗಳು

ಅಮ್ಮನಿಗೆ 41ನೇ ವಯಸ್ಸಿನಲ್ಲಿ ಸ್ತನ ಕ್ಯಾನ್ಸರ್ ಬಂತು. ಚಿಕ್ಕಮ್ಮನಿಗೆ 38ಕ್ಕೇ ಬಂತು. ನನ್ನ ರಕ್ತ ಪರೀಕ್ಷೆಯಲ್ಲಿ ಬಿಆರ್‌ಸಿಎ1 ಜೀನಿನಲ್ಲಿ ದೋಷ ಇದೆ ಅಂತ ಗೊತ್ತಾದ ಮೇಲೆ ವರ್ಷಕ್ಕೊಂದು ಸಲ ಎದೆಯ ಎಂಆರ್‌ಐ ಮಾಡಿಸುತ್ತಾ ಬಂದಿದ್ದೇನೆ. ಈ ಸುದ್ದಿ ನೆಂಟರಲ್ಲಿ ಹರಡಿದ್ದೇ ತಡ, ಫೋನು ಶುರುವಾಯಿತು. ಆಫೀಸಿನ ಗೆಳತಿಯರು, ಮೇಲಿನ ಮನೆ ಆಂಟಿ, ನ್ಯೂಜೆರ್ಸಿಯಲ್ಲಿರುವ ನಾದಿನಿ, ಎಲ್ಲರದ್ದೂ ಹೆಚ್ಚುಕಮ್ಮಿ ಅವೇ ಪ್ರಶ್ನೆಗಳು. ಒಬ್ಬೊಬ್ಬರಿಗೂ ಹೇಳಿ ಹೇಳಿ ಸಾಕಾಗಿ ಒಂದೇ ಕಡೆ ಬರೆದಿಟ್ಟಿದ್ದೇನೆ. ನಾನು ಡಾಕ್ಟರಲ್ಲ, ಆ ಮೆಷಿನ್ನಿನೊಳಗೆ ಮಲಗಿ ಎದ್ದು ಬಂದವಳು ಅಷ್ಟೇ. ನಿಮ್ಮ ವಿಷಯದಲ್ಲಿ ಕೊನೆ ಮಾತು ನಿಮ್ಮ ಡಾಕ್ಟರದ್ದೇ.

ಎಲ್ಲಾ ಟೆಸ್ಟಿಗಿಂತ ಎಂಆರ್‌ಐ ಒಳ್ಳೇದಂತೆ, ನಾನೂ ಒಂದು ಮಾಡಿಸಿಬಿಡಲಾ?

ಈಗಲೇ ಬೇಡ. ಮೊದಲು ನಿಮ್ಮ ರಿಸ್ಕ್ ಎಷ್ಟು ಅಂತ ತಿಳಿದುಕೊಳ್ಳಿ. ಎಲ್ಲರೂ ಉಲ್ಟಾ ಮಾಡುತ್ತಾರೆ, ಮೊದಲು ಸ್ಕ್ಯಾನ್ ಬುಕ್ ಮಾಡಿ ಆಮೇಲೆ ಯೋಚನೆ ಮಾಡುತ್ತಾರೆ.

ಅಮೆರಿಕನ್ ಕ್ಯಾನ್ಸರ್ ಸೊಸೈಟಿ 2007ರಲ್ಲಿ ಒಂದು ಗೆರೆ ಎಳೆಯಿತು. ಜೀವಮಾನದಲ್ಲಿ ಸ್ತನ ಕ್ಯಾನ್ಸರ್ ಬರುವ ಸಾಧ್ಯತೆ ಶೇ. 20ರಿಂದ 25 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಮ್ಯಾಮೊಗ್ರಾಂ (ಸ್ತನದ ಎಕ್ಸ್‌ರೇ) ಜೊತೆಗೆ ಪ್ರತಿ ವರ್ಷ ಎಂಆರ್‌ಐ ಮಾಡಿಸಿ ಅಂತ ಹೇಳಿತು. ಶೇ. 15ಕ್ಕಿಂತ ಕಡಿಮೆ ಇರುವವರಿಗೆ ಬೇಡ ಅಂತಲೂ ಅಷ್ಟೇ ಸ್ಪಷ್ಟವಾಗಿ ಹೇಳಿತು. ಈ ಎರಡನೇ ಮಾತನ್ನು ಯಾರೂ ಫಾರ್ವರ್ಡ್ ಮಾಡಲ್ಲ.

ಗೆರೆಯ ಮೇಲೆ ಬರುವವರು ಯಾರು ಅಂದರೆ, ಬಿಆರ್‌ಸಿಎ1 ಅಥವಾ ಬಿಆರ್‌ಸಿಎ2 ಜೀನಿನಲ್ಲಿ ದೋಷ ಇರುವವರು. ತಾಯಿಗೋ ಅಕ್ಕತಂಗಿಗೋ ಆ ದೋಷ ಇದ್ದು, ತಾವು ಇನ್ನೂ ಪರೀಕ್ಷೆ ಮಾಡಿಸದವರು. ಟಿಪಿ53 ತರದ ಅಪರೂಪದ ಜೀನ್ ದೋಷ ಇರುವವರು. ಇನ್ನೊಂದು ಗುಂಪನ್ನು ಎಲ್ಲರೂ ಮರೆಯುತ್ತಾರೆ: 10ರಿಂದ 30 ವರ್ಷದೊಳಗೆ ಎದೆ ಭಾಗಕ್ಕೆ ರೇಡಿಯೇಷನ್ ತೆಗೆದುಕೊಂಡವರು. ಸಾಮಾನ್ಯವಾಗಿ ಹಾಡ್ಜ್‌ಕಿನ್ ಲಿಂಫೋಮಾ ಅನ್ನುವ ಕಾಯಿಲೆಗೆ ಹೀಗೆ ಕೊಟ್ಟಿರುತ್ತಾರೆ. ಆ ಕಾಯಿಲೆ ವಾಸಿಯಾಗಿ ಇಪ್ಪತ್ತು ವರ್ಷ ಆಗಿರುತ್ತದೆ, ಇದನ್ನು ನೆನಪು ಮಾಡುವವರೇ ಇರಲ್ಲ.

ನಮ್ಮ ಅಜ್ಜಿಗೆ 75ಕ್ಕೆ ಬಂದಿತ್ತು. ನನಗೂ ರಿಸ್ಕಾ?

ಅದೊಂದೇ ಆಗಿದ್ದರೆ ನಿಮ್ಮ ರಿಸ್ಕ್ ಅಷ್ಟೇನೂ ಏರಲ್ಲ. ವಯಸ್ಸಾದ ಮೇಲೆ ಒಬ್ಬರಿಗೆ ಬಂದರೆ ಅದು ಹೆಚ್ಚಾಗಿ ವಯಸ್ಸಿನಿಂದಲೇ ಬಂದದ್ದು. ಡಾಕ್ಟರು ಕಿವಿ ನೆಟ್ಟಗೆ ಮಾಡಿಕೊಂಡು ಕೇಳೋದು ಬೇರೆಯದನ್ನು. 50ರ ಒಳಗೆ ಯಾರಿಗಾದರೂ ಬಂದಿದೆಯಾ? ಒಂದೇ ಕಡೆಯ ನೆಂಟರಲ್ಲಿ ಇಬ್ಬರು ಮೂವರಿಗೆ ಬಂದಿದೆಯಾ? ಎರಡೂ ಎದೆಗೆ ಬಂದಿದೆಯಾ? ಯಾರಿಗಾದರೂ ಅಂಡಾಶಯದ ಕ್ಯಾನ್ಸರ್? ಗಂಡಸರಿಗೆ ಯಾರಿಗಾದರೂ ಸ್ತನ ಕ್ಯಾನ್ಸರ್?

ಅಪ್ಪನ ಕಡೆಯೂ ಲೆಕ್ಕಕ್ಕೆ ಬರುತ್ತದೆ. ಇದು ನಮ್ಮಲ್ಲಿ ತುಂಬಾ ಜನಕ್ಕೆ ಗೊತ್ತಿಲ್ಲ. ಎದೆಯ ಕಾಯಿಲೆ ಅಂದರೆ ಅಮ್ಮನ ಕಡೆಯದ್ದೇ ಅಂದುಕೊಂಡಿರುತ್ತಾರೆ, ಆದರೆ ದೋಷದ ಜೀನು ಅಪ್ಪನಿಂದಲೂ ಅರ್ಧಕ್ಕರ್ಧ ಸಾಧ್ಯತೆಯಲ್ಲಿ ಬರುತ್ತದೆ. ಸಮಸ್ಯೆ ಏನೆಂದರೆ ನಮ್ಮ ಮನೆಗಳಲ್ಲಿ ಯಾರೂ ಬಾಯಿಬಿಟ್ಟು ಹೇಳಲ್ಲ. ‘ಹೊಟ್ಟೆನೋವಿಂದ ಹೋದ್ಳು’, ‘ಗಡ್ಡೆ ಆಗಿತ್ತು’ ಅಂತ ಮುಗಿಸಿಬಿಡುತ್ತಾರೆ. ನನ್ನ ಸೋದರತ್ತೆ ಹೋಗಿದ್ದು ಯಾವುದರಿಂದ ಅಂತ ತಿಳಿಯೋಕೆ ನಾನು ಮೂರು ಮದುವೆ ಮನೆಗಳಲ್ಲಿ ಮೂರು ಜನ ಹಿರಿಯರ ಪಕ್ಕ ಊಟಕ್ಕೆ ಕೂರಬೇಕಾಯಿತು.

ಈ ವಿವರ ಹಿಡಿದುಕೊಂಡು ಜೆನೆಟಿಕ್ ಕೌನ್ಸೆಲರ್ ಹತ್ತಿರ ಹೋಗಿ. ಅವರು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತಾರೆ, ಬೇಕಿದ್ದರೆ ರಕ್ತ ಪರೀಕ್ಷೆಗೆ ಬರೆಯುತ್ತಾರೆ. ಸಾಧ್ಯವಾದರೆ ಕ್ಯಾನ್ಸರ್ ಬಂದವರಿಗೇ ಮೊದಲು ಪರೀಕ್ಷೆ ಆಗಬೇಕು. ನಮ್ಮ ಮನೆಯಲ್ಲಿ ಅಮ್ಮನಿಗೆ ಮೊದಲು ಮಾಡಿಸಿದೆವು, ಅವರಲ್ಲಿ ದೋಷ ಸಿಕ್ಕ ಮೇಲೆ ನನಗೆ ಹುಡುಕೋದು ಸುಲಭ ಆಯಿತು.

ಬಿಆರ್‌ಸಿಎ ಇದೆ ಅಂದರೆ ಕ್ಯಾನ್ಸರ್ ಬಂದೇ ಬರುತ್ತದಾ?

ಇಲ್ಲ. ಅಂದ ಹಾಗೆ, ಆ ಜೀನು ಎಲ್ಲರಲ್ಲೂ ಇರುತ್ತದೆ. ಜೀವಕೋಶದೊಳಗಿನ ಡಿಎನ್‌ಎಗೆ ಪೆಟ್ಟಾದರೆ ಅದನ್ನು ರಿಪೇರಿ ಮಾಡುವುದೇ ಅದರ ಕೆಲಸ. ಅದರಲ್ಲಿ ದೋಷ ಇದ್ದಾಗ ರಿಪೇರಿ ಸರಿಯಾಗಿ ನಡೆಯಲ್ಲ. 2017ರ ಒಂದು ದೊಡ್ಡ ಅಧ್ಯಯನದ ಪ್ರಕಾರ ಬಿಆರ್‌ಸಿಎ1 ದೋಷ ಇರುವ 100 ಹೆಂಗಸರಲ್ಲಿ 80 ವರ್ಷದೊಳಗೆ ಸುಮಾರು 72 ಜನಕ್ಕೆ, ಬಿಆರ್‌ಸಿಎ2 ಆದರೆ ಸುಮಾರು 69 ಜನಕ್ಕೆ ಸ್ತನ ಕ್ಯಾನ್ಸರ್ ಬರುತ್ತದೆ. ಜಾಸ್ತಿನೇ, ಹೌದು. ಉಳಿದವರಿಗೆ ಬರಲ್ಲ ಅನ್ನೋದೂ ಅಷ್ಟೇ ನಿಜ. ಯಾರು ಆ ಗುಂಪು, ಯಾರು ಈ ಗುಂಪು ಅಂತ ಮೊದಲೇ ಗೊತ್ತಾಗದಿರುವುದರಿಂದಲೇ ಪ್ರತಿ ವರ್ಷ ಮೆಷಿನ್ನಿನೊಳಗೆ ಹೋಗೋದು.

ಮ್ಯಾಮೊಗ್ರಾಂ ಇರುವಾಗ ಇದ್ಯಾಕೆ?

ಮ್ಯಾಮೊಗ್ರಾಂ ಅಂದರೆ ಎಕ್ಸ್‌ರೇ. ಅದರಲ್ಲಿ ಕೊಬ್ಬು ಕಪ್ಪಾಗಿ, ಹಾಲಿನ ಗ್ರಂಥಿಗಳು ಬೆಳ್ಳಗೆ ಕಾಣುತ್ತವೆ. ಕ್ಯಾನ್ಸರ್ ಗಂಟೂ ಬೆಳ್ಳಗೇ. ವಯಸ್ಸು ಚಿಕ್ಕದಿದ್ದಾಗ ಎದೆಯಲ್ಲಿ ಗ್ರಂಥಿ ಜಾಸ್ತಿ, ಕೊಬ್ಬು ಕಡಿಮೆ. ಮಂಜು ಮುಸುಕಿದ ಬೆಳಗ್ಗೆ ಬಿಳಿ ಹಸು ಹುಡುಕಿದ ಹಾಗೆ.

ಎಂಆರ್‌ಐ ನೋಡೋದೇ ಬೇರೆಯದನ್ನು. ಕೈಯ ರಕ್ತನಾಳಕ್ಕೆ ಗ್ಯಾಡೋಲಿನಿಯಂ ಅನ್ನುವ ಔಷಧಿ ಬಿಡುತ್ತಾರೆ. ಬೆಳೆಯುವ ಕ್ಯಾನ್ಸರ್ ತನ್ನ ಹೊಟ್ಟೆಪಾಡಿಗೆ ಹೊಸ ರಕ್ತನಾಳ ಎಳೆದುಕೊಂಡಿರುತ್ತದೆ, ಅವು ಸೋರುವ ನಾಳಗಳು. ಔಷಧಿ ಅಲ್ಲಿಗೆ ಬೇಗ ನುಗ್ಗಿ ಆ ಜಾಗ ಹೊಳೆಯುತ್ತದೆ. ನೆದರ್‌ಲ್ಯಾಂಡ್ಸಿನಲ್ಲಿ ಹೆಚ್ಚು ರಿಸ್ಕ್ ಇದ್ದ 1909 ಹೆಂಗಸರನ್ನು ನೋಡಿ 2004ರಲ್ಲಿ ಪ್ರಕಟಿಸಿದ ಲೆಕ್ಕ ಹೀಗಿದೆ: ಸುತ್ತಲಿನ ಜಾಗಕ್ಕೆ ನುಗ್ಗಿದ ಕ್ಯಾನ್ಸರ್‌ಗಳಲ್ಲಿ ಮ್ಯಾಮೊಗ್ರಾಂ ಹಿಡಿದದ್ದು ಶೇ. 33, ಎಂಆರ್‌ಐ ಹಿಡಿದದ್ದು ಸುಮಾರು ಶೇ. 80. ಡಾಕ್ಟರು ಕೈಯಿಂದ ಮುಟ್ಟಿ ನೋಡಿ ಹಿಡಿದದ್ದು ಶೇ. 18ರ ಆಸುಪಾಸು.

ಹಾಗಾದರೆ ಮ್ಯಾಮೊಗ್ರಾಂ ಬಿಟ್ಟುಬಿಡಬಹುದಾ?

ನಿಮ್ಮಷ್ಟಕ್ಕೆ ನೀವೇ ಬಿಡಬೇಡಿ. ಹಾಲಿನ ನಾಳದೊಳಗೇ ಕೂತಿರುವ ತೀರಾ ಶುರುವಿನ ಕ್ಯಾನ್ಸರ್ ಕೆಲವೊಮ್ಮೆ ಸುಣ್ಣದ ಪುಡಿಯಂಥ ಸಣ್ಣ ಚುಕ್ಕೆಗಳಾಗಿ ಮಾತ್ರ ಕಾಣುತ್ತದೆ. ಅದು ಮ್ಯಾಮೊಗ್ರಾಂನಲ್ಲಿ ಕಾಣುತ್ತದೆ, ಎಂಆರ್‌ಐನಲ್ಲಿ ತಪ್ಪಿಸಿಕೊಳ್ಳಬಹುದು. ನನಗೆ ಡಾಕ್ಟರು ಆರು ತಿಂಗಳಿಗೆ ಒಂದು ಅಂತ ಹಂಚಿಕೊಟ್ಟಿದ್ದಾರೆ: ಯುಗಾದಿ ಹೊತ್ತಿಗೆ ಎಂಆರ್‌ಐ, ದಸರಾ ಮುಗಿದ ಮೇಲೆ ಮ್ಯಾಮೊಗ್ರಾಂ.

ಎಷ್ಟನೇ ವಯಸ್ಸಿಗೆ ಶುರು ಮಾಡಬೇಕು?

ದೇಶಕ್ಕೊಂದು ಲೆಕ್ಕ. ಅಮೆರಿಕದ ತಜ್ಞರು ಬಿಆರ್‌ಸಿಎ ದೋಷ ಇರುವವರಿಗೆ 25ರಿಂದ ಎಂಆರ್‌ಐ, 30ರಿಂದ ಜೊತೆಗೆ ಮ್ಯಾಮೊಗ್ರಾಂ ಅನ್ನುತ್ತಾರೆ. ಇಂಗ್ಲೆಂಡಿನಲ್ಲಿ 30ರಿಂದ 49ರವರೆಗೆ ಪ್ರತಿ ವರ್ಷ ಎಂಆರ್‌ಐ, ಟಿಪಿ53 ಇದ್ದವರಿಗೆ 20ರಿಂದಲೇ. ಮನೆಯಲ್ಲಿ ಯಾರಿಗಾದರೂ ತೀರಾ ಚಿಕ್ಕ ವಯಸ್ಸಿಗೆ ಬಂದಿದ್ದರೆ ಡಾಕ್ಟರು ಇನ್ನೂ ಮುಂಚೆ ಶುರು ಮಾಡಬಹುದು.

ಯಾವ ದಿನ ಮಾಡಿಸಬೇಕು? ಯಾವಾಗಾದರೂ ಆಗತ್ತಾ?

ಆಗಲ್ಲ! ನಾನು ಈ ಬರಹ ಶುರು ಮಾಡಿದ್ದೇ ಈ ಒಂದು ಪ್ರಶ್ನೆಗೋಸ್ಕರ ಅಂದರೂ ತಪ್ಪಿಲ್ಲ.

ಮುಟ್ಟು ಶುರುವಾದ ದಿನದಿಂದ ಎಣಿಸಿ 7ರಿಂದ 14ನೇ ದಿನದೊಳಗೆ ಮಾಡಿಸಬೇಕು. ಮುಟ್ಟು ಹತ್ತಿರ ಬಂದಂತೆ ಹಾರ್ಮೋನಿನಿಂದ ಆರೋಗ್ಯವಾದ ಗ್ರಂಥಿಗಳೂ ಔಷಧಿ ಹೀರಿಕೊಂಡು ಹೊಳೆಯುತ್ತವೆ. ಎಲ್ಲಾ ಹೊಳೆದರೆ ಬೇಕಾದ್ದು ಕಾಣಲ್ಲ, ಬೇಡದ್ದೆಲ್ಲಾ ಅನುಮಾನ ಹುಟ್ಟಿಸುತ್ತದೆ.

ನನ್ನ ಮೊದಲ ಸ್ಕ್ಯಾನಿಗೆ ಕೌಂಟರಿನಲ್ಲಿದ್ದವರು ‘ಶನಿವಾರ ಬೆಳಗ್ಗೆ ಖಾಲಿ ಇದೆ ಮೇಡಂ’ ಅಂದರು, ನಾನೂ ರಜೆ ಉಳಿಯಿತು ಅಂತ ಖುಷಿಯಿಂದ ಹೋದೆ. ಅದು ನನ್ನ 24ನೇ ದಿನ. ಯಾರೂ ಕೇಳಲಿಲ್ಲ, ನನಗೂ ಗೊತ್ತಿರಲಿಲ್ಲ. ರಿಪೋರ್ಟಿನಲ್ಲಿ ಎಡಗಡೆ 6 ಮಿಲಿಮೀಟರಿನ ಏನೋ ಒಂದು ಹೊಳೆಯುತ್ತಿದೆ ಅಂತ ಬಂತು. ಮತ್ತೆ ಅಲ್ಟ್ರಾಸೌಂಡ್, ಅದರಲ್ಲಿ ಏನೂ ಸಿಗಲಿಲ್ಲ. ಸರಿಯಾದ ದಿನ ನೋಡಿ ಮತ್ತೊಂದು ಎಂಆರ್‌ಐ. ಆ ಹೊಳಪೇ ಮಾಯ! ಮಧ್ಯದ ಐದು ವಾರ ನಾನು ರಾತ್ರಿ ಕಣ್ಣು ಮುಚ್ಚಿದ್ದು ಕಡಿಮೆ, ಎರಡನೇ ಸಲ ದುಡ್ಡು ಕಟ್ಟಿದ್ದೂ ನಾನೇ. ಆದ್ದರಿಂದ ಬುಕ್ ಮಾಡುವಾಗ ಅವರು ಕೇಳದಿದ್ದರೂ ನೀವೇ ಹೇಳಿ. ಸಂಕೋಚ ಬೇಡ. ಮುಟ್ಟು ನಿಂತವರಿಗೆ ಈ ಲೆಕ್ಕ ಇಲ್ಲ.

ತಾಳಿ ತೆಗೀಬೇಕಾ?

ತೆಗೀಬೇಕು. ತಾಳಿ, ಕಾಲುಂಗುರ, ಬಳೆ, ಓಲೆ, ಮೂಗುತಿ, ಹೇರ್‌ಪಿನ್, ಹುಕ್ ಇರುವ ಬ್ರಾ, ಸೇಫ್ಟಿ ಪಿನ್ ಎಲ್ಲಾ. ಸೀರೆ ಉಡುವವರ ಮೈಮೇಲೆ ಎಷ್ಟು ಪಿನ್ ಇರುತ್ತವೆ ಅಂತ ಅವರಿಗೇ ಗೊತ್ತಿರಲ್ಲ, ಆ ದಿನ ಚೂಡಿದಾರ್ ಹಾಕಿಕೊಂಡು ಹೋಗೋದು ವಾಸಿ. ತಿರುಪಿನ ಮೂಗುತಿ ಇದ್ದವರು ಹಿಂದಿನ ದಿನವೇ ಅಕ್ಕಸಾಲಿಗರ ಹತ್ತಿರ ಹೋಗಿ ಸಡಿಲ ಮಾಡಿಸಿಕೊಳ್ಳಿ. ನನ್ನ ಜೊತೆ ಕಾಯುತ್ತಿದ್ದ ಒಬ್ಬ ಅಜ್ಜಿಯ ಮೂಗುಬಟ್ಟು ನಲವತ್ತು ವರ್ಷದಿಂದ ಕದಲಿರಲಿಲ್ಲ. ನರ್ಸು ಕೊಬ್ಬರಿ ಎಣ್ಣೆ ಹಚ್ಚಿ ಮುಕ್ಕಾಲು ಗಂಟೆ ಒದ್ದಾಡಿದರು.

ಚಿನ್ನ ಅಯಸ್ಕಾಂತಕ್ಕೆ ಅಂಟಲ್ಲ ಅಂತ ವಾದ ಮಾಡಬೇಡಿ. ಒಡವೆಯಲ್ಲಿ ಬೇರೆ ಲೋಹ ಬೆರೆತಿರುತ್ತದೆ, ಚಿತ್ರ ಹಾಳಾಗುತ್ತದೆ, ಬಿಸಿಯೂ ಆಗಬಹುದು. ಎಂಆರ್‌ಐ ಮೆಷಿನ್ ಅಂದರೆ ಒಂದು ದೊಡ್ಡ ಅಯಸ್ಕಾಂತ, ಅದು ಸ್ಕ್ಯಾನ್ ಇಲ್ಲದಾಗಲೂ ಆನ್ ಆಗಿಯೇ ಇರುತ್ತದೆ. 2018ರ ಜನವರಿಯಲ್ಲಿ ಮುಂಬೈನ ಆಸ್ಪತ್ರೆಯೊಂದರಲ್ಲಿ ಆಕ್ಸಿಜನ್ ಸಿಲಿಂಡರ್ ಹಿಡಿದುಕೊಂಡು ಒಳಗೆ ಹೋದ ರೋಗಿಯ ಸಂಬಂಧಿಕರೊಬ್ಬರು ಪ್ರಾಣ ಕಳೆದುಕೊಂಡರು. ಪೇಸ್‌ಮೇಕರ್, ಕಿವಿಯೊಳಗಿನ ಇಂಪ್ಲಾಂಟ್, ಮೆದುಳಿನ ಕ್ಲಿಪ್, ಹಳೇ ಆಪರೇಷನ್ನಿನ ರಾಡು, ಏನಿದ್ದರೂ ಮೊದಲೇ ಹೇಳಿ, ಅದರ ಕಾರ್ಡು ತನ್ನಿ. ಕಾಪರ್ ಟಿ ಇದ್ದರೆ ಸಾಮಾನ್ಯವಾಗಿ ತೊಂದರೆ ಇಲ್ಲ, ಆದರೂ ಹೇಳಿ.

ಒಳಗೆ ಹೇಗಿರುತ್ತದೆ? ನೋವಾಗತ್ತಾ?

ನೋವಿಲ್ಲ, ಕಿರಿಕಿರಿ ಇದೆ. ಬೋರಲು ಮಲಗಬೇಕು. ಹಲಗೆಯ ಮೇಲೆ ಎರಡು ತೂತು ಇರುವ ಒಂದು ಸಾಧನ ಇರುತ್ತದೆ, ಅದರೊಳಗೆ ಎದೆ ಇಳಿಬಿಡಬೇಕು. ಹಣೆಗೆ ಒಂದು ದಿಂಬು. ಕೈ ಎರಡೂ ತಲೆ ಮುಂದಕ್ಕೆ ಚಾಚಿ. ಒಂದು ಕೈಗೆ ಸೂಜಿ, ಇನ್ನೊಂದು ಕೈಗೆ ರಬ್ಬರಿನ ಚೆಂಡು ಕೊಡುತ್ತಾರೆ, ಹಿಸುಕಿದರೆ ಹೊರಗಿನವರಿಗೆ ಗಂಟೆ ಕೇಳಿಸುತ್ತದೆ. ಹೋದ ತಕ್ಷಣ ಒಂದು ಸಲ ಹಿಸುಕಿ ನೋಡಿ, ಧೈರ್ಯ ಬರುತ್ತದೆ.

ಆಮೇಲೆ ಸದ್ದು. ಕಿವಿಗೆ ಹತ್ತಿ, ಹೆಡ್‌ಫೋನ್ ಎಲ್ಲಾ ಹಾಕಿದರೂ ಪಕ್ಕದ ರಸ್ತೆ ಅಗೆಯುತ್ತಿರುವ ಹಾಗೆ ಡಬಡಬಡಬ, ನಡುವೆ ಸುಮ್ಮನಾಗಿ ಮತ್ತೆ ಟೊಕ್ ಟೊಕ್. ಔಷಧಿ ಬಿಟ್ಟಾಗ ತೋಳಿನುದ್ದಕ್ಕೂ ತಣ್ಣಗೆ ಹರಿದ ಅನುಭವ. ನನಗೆ ಕಷ್ಟ ಆಗೋದು ಎದೆಮೂಳೆ ಒತ್ತೋದು ಮತ್ತು ಮೂಗು ತುರಿಸೋದು. ಅಲ್ಲಾಡುವ ಹಾಗಿಲ್ಲ, ಅಲ್ಲಾಡಿದರೆ ಔಷಧಿಗೆ ಮುಂಚಿನ ಚಿತ್ರಕ್ಕೂ ಆಮೇಲಿನ ಚಿತ್ರಕ್ಕೂ ಹೊಂದಾಣಿಕೆ ತಪ್ಪುತ್ತದೆ. ಒಟ್ಟು ಅರ್ಧದಿಂದ ಮುಕ್ಕಾಲು ಗಂಟೆ. ಇಕ್ಕಟ್ಟಾದ ಜಾಗ ಅಂದರೆ ಉಸಿರು ಕಟ್ಟುವವರು ಮೊದಲೇ ಹೇಳಿದರೆ ಸಣ್ಣ ಮಾತ್ರೆ ಕೊಡುತ್ತಾರೆ. ಮುಖ ಕೆಳಗಿರುವುದರಿಂದ ಮೇಲಿನ ಛಾವಣಿ ಕಾಣಲ್ಲ, ಅದೊಂದು ಸಮಾಧಾನ.

ಗ್ಯಾಡೋಲಿನಿಯಂ ಮೈಯಲ್ಲೇ ಉಳಿದುಬಿಡುತ್ತದಂತೆ?

ಸ್ವಲ್ಪ ಉಳಿಯುತ್ತದೆ, ಸುಳ್ಳಲ್ಲ. ಅಮೆರಿಕದಲ್ಲಿ ಔಷಧಿಗಳ ಮೇಲೆ ನಿಗಾ ಇಡುವ ಎಫ್‌ಡಿಎ 2017ರ ಕೊನೆಯಲ್ಲಿ ಇದರ ಬಗ್ಗೆ ಎಚ್ಚರಿಕೆಯನ್ನೂ ಕೊಟ್ಟಿತು. ಮೂತ್ರಪಿಂಡ ಸರಿ ಇದ್ದವರಲ್ಲಿ ಹೀಗೆ ಉಳಿದದ್ದರಿಂದ ಇಂಥ ತೊಂದರೆ ಆಯಿತು ಅಂತ ಖಚಿತವಾಗಿ ತೋರಿಸಿಲ್ಲ. ಮೂತ್ರಪಿಂಡ ತೀರಾ ಕೆಟ್ಟಿದ್ದರೆ ಮಾತ್ರ ಅಪಾಯ ಇದೆ, ಅದಕ್ಕೇ ಮೊದಲೇ ರಕ್ತದಲ್ಲಿ ಕ್ರಿಯಾಟಿನಿನ್ ನೋಡುತ್ತಾರೆ. ಮ್ಯಾಕ್ರೋಸೈಕ್ಲಿಕ್ ಜಾತಿಯ ಔಷಧಿ ಕಡಿಮೆ ಉಳಿಯುತ್ತದೆ, ಯಾವುದು ಕೊಡುತ್ತೀರಿ ಅಂತ ಧಾರಾಳವಾಗಿ ಕೇಳಿ. ನನ್ನ ಹಾಗೆ ವರ್ಷ ವರ್ಷ ಹಾಕಿಸಿಕೊಳ್ಳುವವರು ಕೇಳಲೇಬೇಕು. ಹೊಟ್ಟೆಯಲ್ಲಿ ಮಗು ಇದ್ದರೆ ಈ ಔಷಧಿ ಕೊಡಲ್ಲ. ಹಾಲುಣಿಸುವವರಿಗೆ ಕೊಡಬಹುದು, ಹಾಲಿಗೆ ಹೋಗೋದು ತೀರಾ ಕಡಿಮೆ.

ಔಷಧಿ ಇಲ್ಲದೆ ಮಾಡಿದರೆ ದುಡ್ಡು ಕಡಿಮೆಯಂತೆ?

ಕ್ಯಾನ್ಸರ್ ಹುಡುಕೋಕೆ ಅದು ಸಾಲಲ್ಲ. ಔಷಧಿ ಇಲ್ಲದ ಎಂಆರ್‌ಐ ಸಾಮಾನ್ಯವಾಗಿ ಸಿಲಿಕಾನ್ ಇಂಪ್ಲಾಂಟ್ ಒಡೆದಿದೆಯಾ ಅಂತ ನೋಡೋಕೆ.

ರಿಪೋರ್ಟಿನಲ್ಲಿ ಬೈ-ರಾಡ್ಸ್ 4 ಅಂತ ಬಂದಿದೆ. ನಾಲ್ಕನೇ ಸ್ಟೇಜಾ?

ಅಯ್ಯೋ, ಅಲ್ಲ! ಈ ಫೋನು ನನಗೆ ರಾತ್ರಿ ಹನ್ನೊಂದಕ್ಕೆ ಬಂದಿದೆ, ಅಳುತ್ತಾ. ಬೈ-ರಾಡ್ಸ್ ಅಂದರೆ ಅನುಮಾನದ ಅಳತೆ, ಕಾಯಿಲೆಯ ಹಂತ ಅಲ್ಲ. 1 ಅಂದರೆ ಏನೂ ಇಲ್ಲ. 2 ಅಂದರೆ ಏನೋ ಇದೆ, ನಿರುಪದ್ರವಿ. 3 ಅಂದರೆ ಬಹುಶಃ ನಿರುಪದ್ರವಿ, ಕೆಲವು ತಿಂಗಳು ಬಿಟ್ಟು ನೋಡೋಣ. 4 ಅಂದರೆ ಅನುಮಾನ ಇದೆ, ಬಯಾಪ್ಸಿ (ಆ ಜಾಗದಿಂದ ಚೂರು ತೆಗೆದು ಪರೀಕ್ಷೆ) ಮಾಡಿ. 5 ಅಂದರೆ ಅನುಮಾನ ತುಂಬಾ ಜಾಸ್ತಿ. 6 ಅಂದರೆ ಕ್ಯಾನ್ಸರ್ ಅಂತ ಮೊದಲೇ ಗೊತ್ತಾಗಿದೆ. ಸೊನ್ನೆ ಬಂದರೆ ಖುಷಿಪಡಬೇಡಿ, ಇನ್ನೂ ಒಂದು ಟೆಸ್ಟ್ ಬೇಕು ಅಂತ ಅದರರ್ಥ.

ಸುಮ್‌ಸುಮ್ನೆ ಹೆದರಿಸೋದು ಎಷ್ಟು ಜನಕ್ಕೆ?

ನೆದರ್‌ಲ್ಯಾಂಡ್ಸಿನ ಡೆನ್ಸ್ ಅನ್ನುವ ಅಧ್ಯಯನದಲ್ಲಿ ಇದಕ್ಕೆ ಒಳ್ಳೆ ಲೆಕ್ಕ ಇದೆ. 50ರಿಂದ 75 ವರ್ಷದ, ಎದೆ ತುಂಬಾ ದಟ್ಟ ಇರುವ (ಅಂದರೆ ಗ್ರಂಥಿ ಜಾಸ್ತಿ, ಕೊಬ್ಬು ಕಡಿಮೆ), ಮ್ಯಾಮೊಗ್ರಾಂ ಸರಿ ಬಂದ ಹೆಂಗಸರು. ಅವರಲ್ಲಿ ಮೊದಲ ಸಲ ಎಂಆರ್‌ಐ ಮಾಡಿದಾಗ ಸಾವಿರಕ್ಕೆ ಸುಮಾರು 16 ಜನರಲ್ಲಿ ಕ್ಯಾನ್ಸರ್ ಸಿಕ್ಕಿತು. ಸುಮಾರು 80 ಜನರನ್ನು ಕರೆಸಿ, ಹೆದರಿಸಿ, ಕೊನೆಗೆ ಏನೂ ಇಲ್ಲ ಅಂತ ಮನೆಗೆ ಕಳಿಸಿದರು. ಎರಡನೇ ಸುತ್ತಿನಲ್ಲಿ ಹೀಗೆ ಹೆದರಿದವರು 26ಕ್ಕೆ ಇಳಿದರು, ಯಾಕೆಂದರೆ ಹೋಲಿಸೋಕೆ ಹಳೆಯ ಚಿತ್ರ ಇತ್ತು. ಹಳೇ ಸಿಡಿ, ಫಿಲ್ಮು ಎಸೆಯಬೇಡಿ, ಪ್ರತಿ ಸಲ ಎತ್ತಿಕೊಂಡು ಹೋಗಿ. ನಾನು ರೇಷನ್ ಕಾರ್ಡ್ ಇಡುವ ಜಾಗದಲ್ಲೇ ಇಟ್ಟಿದ್ದೇನೆ.

ನನ್ನ ಮಟ್ಟಿಗೆ 80 ಜನರ ಹೆದರಿಕೆ ಒಪ್ಪಿಗೆ, ನನ್ನ ರಿಸ್ಕ್ ಹಾಗಿದೆ. ರಿಸ್ಕ್ ಕಡಿಮೆ ಇರುವವರಲ್ಲಿ ಸಿಗುವ ಕ್ಯಾನ್ಸರ್ ಸಂಖ್ಯೆ ಇಳಿಯುತ್ತದೆ, ಹೆದರಿಕೆ ಇಳಿಯಲ್ಲ. ಮೇಲಿನ ಮನೆ ಆಂಟಿಗೆ ನಾನು ಬೇಡ ಅಂದದ್ದು ಇದಕ್ಕೇ.

ಅಮೆರಿಕದಲ್ಲಿ ನನ್ನ ಮ್ಯಾಮೊಗ್ರಾಂ ರಿಪೋರ್ಟಿನಲ್ಲಿ ‘ಎದೆ ದಟ್ಟವಾಗಿದೆ’ ಅಂತ ಬರೆದಿದ್ದಾರೆ, ಏನದು?

ನಾದಿನಿಯ ಪ್ರಶ್ನೆ. 2024ರ ಸೆಪ್ಟೆಂಬರಿನಿಂದ ಅಲ್ಲಿ ಎಲ್ಲಾ ಸೆಂಟರಿನವರೂ ಎದೆ ದಟ್ಟವಾಗಿದೆಯೋ ಇಲ್ಲವೋ ಅಂತ ಬರೆದು ತಿಳಿಸಲೇಬೇಕು ಅನ್ನುವ ನಿಯಮ ಬಂದಿದೆ. ಅದು ಕಾಯಿಲೆ ಅಲ್ಲ. 40 ದಾಟಿದವರಲ್ಲೂ ಹೆಚ್ಚುಕಮ್ಮಿ ಅರ್ಧ ಜನ ಹಾಗೇ ಇರುತ್ತಾರೆ. ಅದರ ಮೇಲೆ ಎಂಆರ್‌ಐ ಬೇಕಾ ಅನ್ನುವುದರಲ್ಲಿ ಅಲ್ಲಿನ ತಜ್ಞರಲ್ಲೇ ಒಮ್ಮತ ಇಲ್ಲ. ಸರ್ಕಾರಕ್ಕೆ ಸಲಹೆ ಕೊಡುವ ತಂಡ 2024ರಲ್ಲಿ ‘ಸಾಕಷ್ಟು ಪುರಾವೆ ಇಲ್ಲ’ ಅಂದಿತು. ‘ತುಂಬಾ ದಟ್ಟ’ ಅನ್ನುವ ಕೊನೆಯ ಗುಂಪಿನಲ್ಲಿದ್ದರೆ ಡಾಕ್ಟರ ಜೊತೆ ಕೂತು ಮಾತಾಡೋದು ಸರಿ. ಇನ್ಶೂರೆನ್ಸ್ ಕೊಡುತ್ತದಾ ಅನ್ನೋದನ್ನು ಮೊದಲು ಕೇಳು ಅಂತ ಅವಳಿಗೆ ಹೇಳಿದ್ದೇನೆ.

ಹತ್ತು ನಿಮಿಷದ ಎಂಆರ್‌ಐ ಅಂತ ಇದೆಯಂತೆ?

ಇದೆ. ಜರ್ಮನಿಯ ಕ್ರಿಸ್ಟಿಯಾನೆ ಕೂಲ್ ಅನ್ನುವ ಡಾಕ್ಟರು 2014ರಲ್ಲಿ ಮೂರೇ ನಿಮಿಷದ ಚಿತ್ರಗಳಲ್ಲೂ ಕ್ಯಾನ್ಸರ್ ಕಾಣುತ್ತದೆ ಅಂತ ತೋರಿಸಿದರು. 2020ರಲ್ಲಿ 1444 ಹೆಂಗಸರ ಇನ್ನೊಂದು ಅಧ್ಯಯನದಲ್ಲಿ ಒಟ್ಟು 23 ಜನರಲ್ಲಿ ಕ್ಯಾನ್ಸರ್ ಇತ್ತು. ಚಿಕ್ಕ ಎಂಆರ್‌ಐ 22 ಜನರದ್ದು ಹಿಡಿಯಿತು, ಮೂರು ಆಯಾಮದ ಮ್ಯಾಮೊಗ್ರಾಂ 9 ಜನರದ್ದು. ಔಷಧಿ ಇದಕ್ಕೂ ಬೇಕು. ಎಲ್ಲಾ ಕಡೆ ಮಾಡಲ್ಲ, ಕೇಳಿ ನೋಡಿ.

ಇಷ್ಟೆಲ್ಲಾ ಮಾಡಿ ಜೀವ ಉಳಿಯುತ್ತದಾ?

2024ರಲ್ಲಿ ಹಲವು ದೇಶಗಳ ಬಿಆರ್‌ಸಿಎ ದೋಷ ಇರುವ ಹೆಂಗಸರನ್ನು ಹಿಂಬಾಲಿಸಿದ ಅಧ್ಯಯನ ಬಂತು. ಬಿಆರ್‌ಸಿಎ1 ಇದ್ದು ಎಂಆರ್‌ಐ ಮಾಡಿಸುತ್ತಿದ್ದವರಲ್ಲಿ ಸ್ತನ ಕ್ಯಾನ್ಸರಿನಿಂದ ಸಾವು ಸ್ಪಷ್ಟವಾಗಿ ಕಡಿಮೆ ಇತ್ತು. ಬಿಆರ್‌ಸಿಎ2ನಲ್ಲಿ ಅಷ್ಟು ವ್ಯತ್ಯಾಸ ಕಾಣಲಿಲ್ಲ. ಚೀಟಿ ಎತ್ತಿ ಗುಂಪು ಮಾಡಿದ ಪ್ರಯೋಗ ಅಲ್ಲ ಅದು, ಸುಮ್ಮನೆ ಹಿಂಬಾಲಿಸಿದ್ದು. ಆದರೂ ನನಗೆ ಅದನ್ನು ಓದಿದ ದಿನ ಊಟ ಸೇರಿತು.

ಎಂಆರ್‌ಐ ಕ್ಯಾನ್ಸರ್ ಬರೋದನ್ನು ತಡೆಯಲ್ಲ, ಬೇಗ ತೋರಿಸುತ್ತದೆ ಅಷ್ಟೇ. ತಡೆಯೋಕೆ ಕೆಲವರು ಎದೆ ತೆಗೆಸುತ್ತಾರೆ. ನಟಿ ಆಂಜೆಲಿನಾ ಜೋಲಿ 2013ರಲ್ಲಿ ಹೇಳಿಕೊಂಡರಲ್ಲ, ಅವರದ್ದೂ ಬಿಆರ್‌ಸಿಎ1. ಅದು ಬೇರೆಯದೇ ದೊಡ್ಡ ನಿರ್ಧಾರ.

ನಮ್ಮ ದೇಶದಲ್ಲಿ ಸರ್ಕಾರ ಇದನ್ನು ಯಾಕೆ ಎಲ್ಲರಿಗೂ ಮಾಡಲ್ಲ?

ಆಗದ ಮಾತು, ಮಾಡುವ ಅಗತ್ಯವೂ ಇಲ್ಲ. ಸರ್ಕಾರದ ಕಾರ್ಯಕ್ರಮದಲ್ಲಿ ಇರೋದು 30ರಿಂದ 65 ವರ್ಷದವರಿಗೆ ಐದು ವರ್ಷಕ್ಕೊಮ್ಮೆ ಕೈಯಿಂದ ಪರೀಕ್ಷೆ. ಅದನ್ನು ಕೇವಲ ಅನ್ನಬೇಡಿ. ಟಾಟಾ ಮೆಮೋರಿಯಲ್‌ನವರು 1998ರಲ್ಲಿ ಮುಂಬೈನಲ್ಲಿ ಒಂದೂವರೆ ಲಕ್ಷ ಹೆಂಗಸರ ಮೇಲೆ ಶುರು ಮಾಡಿದ ಅಧ್ಯಯನದಲ್ಲಿ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ನೋಡಿದ್ದಕ್ಕೇ 50 ದಾಟಿದವರಲ್ಲಿ ಸ್ತನ ಕ್ಯಾನ್ಸರಿನ ಸಾವು ಸುಮಾರು ಶೇ. 30 ಇಳಿಯಿತು. 2021ರಲ್ಲಿ ಪ್ರಕಟವಾದ ಲೆಕ್ಕ ಇದು. ಆಶಾ ಕಾರ್ಯಕರ್ತೆ ಬಂದು ಕ್ಯಾಂಪ್ ಇದೆ ಅಂದರೆ ‘ನಂಗೇನಾಗಿದೆ’ ಅಂತ ಕಳಿಸಬೇಡಿ.

ಖರ್ಚು?

ಮ್ಯಾಮೊಗ್ರಾಂಗಿಂತ ಹಲವು ಪಟ್ಟು. ಫೋನಿನಲ್ಲಿ ಹೇಳುವ ರೇಟಿನಲ್ಲಿ ಔಷಧಿ, ಕ್ರಿಯಾಟಿನಿನ್ ಸೇರಿದೆಯಾ ಅಂತ ಕೇಳಿ. ಎದೆಗೇ ಅಂತ ಇರುವ ಕಾಯಿಲ್ (ಎರಡು ತೂತಿನ ಆ ಸಾಧನ) ಇದೆಯಾ, ಬೋರಲು ಮಲಗಿಸುತ್ತಾರಾ ಅಂತಲೂ ಕೇಳಿ. ಇನ್ನೊಂದು ಮುಖ್ಯ ಪ್ರಶ್ನೆ: ಎಂಆರ್‌ಐನಲ್ಲಿ ಮಾತ್ರ ಕಾಣುವ ಗಂಟು ಸಿಕ್ಕರೆ ಎಂಆರ್‌ಐ ನೋಡಿಕೊಂಡೇ ಬಯಾಪ್ಸಿ ಮಾಡುವ ವ್ಯವಸ್ಥೆ ಇದೆಯಾ? ಅದು ಕೆಲವೇ ಕಡೆ ಇರುತ್ತದೆ. ಇಲ್ಲದಿದ್ದರೆ ಎಲ್ಲಿಗೆ ಕಳಿಸುತ್ತೀರಿ ಅಂತ ಮೊದಲೇ ತಿಳಿದುಕೊಂಡಿರಿ.

ಗಂಡಸರಿಗೂ ಬೇಕಾ?

ಎಂಆರ್‌ಐ ಸಾಮಾನ್ಯವಾಗಿ ಬೇಡ. ಆದರೆ ಮನೆಯಲ್ಲಿ ಬಿಆರ್‌ಸಿಎ ದೋಷ ಇದ್ದರೆ ಅಣ್ಣತಮ್ಮಂದಿರೂ ರಕ್ತ ಪರೀಕ್ಷೆ ಮಾಡಿಸಲಿ. ಅವರಿಗೆ ಹೆಣ್ಣುಮಕ್ಕಳಿದ್ದಾರಲ್ಲ.

ಈಗಾಗಲೇ ಕೈಗೆ ಗಂಟು ಸಿಗುತ್ತಿದೆ. ಎಂಆರ್‌ಐ ಬುಕ್ ಮಾಡಲಾ?

ಬೇಡ! ಇಲ್ಲಿ ಬರೆದದ್ದೆಲ್ಲಾ ಏನೂ ತೊಂದರೆ ಇಲ್ಲದವರ ತಪಾಸಣೆಗೆ. ಗಂಟು, ಮೊಲೆತೊಟ್ಟಿನಿಂದ ರಕ್ತ, ಚರ್ಮ ಒಳಕ್ಕೆ ಎಳೆದಂತಿರೋದು, ಇಂಥದ್ದು ಏನಿದ್ದರೂ ಈ ವಾರವೇ ಸರ್ಜನ್ ಹತ್ತಿರ ಹೋಗಿ. ಮ್ಯಾಮೊಗ್ರಾಂ, ಅಲ್ಟ್ರಾಸೌಂಡ್, ಬಯಾಪ್ಸಿ ಯಾವ ಕ್ರಮದಲ್ಲಿ ಅಂತ ಅವರು ಹೇಳುತ್ತಾರೆ. ಹಬ್ಬ ಮುಗೀಲಿ, ಮಗಳ ಪರೀಕ್ಷೆ ಮುಗೀಲಿ ಅಂತ ಕಾಯಬೇಡಿ. ಅಮ್ಮ ನನ್ನ ಎಸ್ಸೆಸ್ಸೆಲ್ಸಿ ಮುಗಿಯಲಿ ಅಂತ ನಾಲ್ಕು ತಿಂಗಳು ಕಾದಿದ್ದರು.

ಒಬ್ಬಳೇ ಹೋಗಬಹುದಾ?

ಹೋಗಬಹುದು. ಮಾತ್ರೆ ತೆಗೆದುಕೊಂಡರೆ ಮಾತ್ರ ಗಾಡಿ ಓಡಿಸಬೇಡಿ. ನಾನು ಅಮ್ಮನನ್ನು ಕರೆದುಕೊಂಡು ಹೋಗುತ್ತೇನೆ. ನನ್ನ ತಾಳಿ, ಓಲೆ, ಕಾಲುಂಗುರ ಎಲ್ಲಾ ಕರ್ಚೀಫಿನಲ್ಲಿ ಗಂಟು ಕಟ್ಟಿ ಮಡಿಲಲ್ಲಿ ಇಟ್ಟುಕೊಂಡು ಕೂತಿರುತ್ತಾರೆ. ಹೊರಗೆ ಬಂದ ಮೇಲೆ ಎಣಿಸಿ ಎಣಿಸಿ ವಾಪಸ್ ಕೊಡುತ್ತಾರೆ, ಓಲೆಯ ತಿರುಪು ಮಾತ್ರ ಪ್ರತಿ ಸಲ ಒಂದು ಕಡಿಮೆ ಬರುತ್ತದೆ.